ಪಿಯಾನೋಗೆ ಗಾಲಿಯಿದೆ, ಆದರೂ ಉರುಳಿಸಬೇಡಿ

ಮನೆ ಮತ್ತು ಮರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮದು ಮಡಿಕೇರಿ ಸಮೀಪದ ಕಾಫಿ ತೋಟದಲ್ಲಿರುವ ಹಳೆಯ ಬಂಗಲೆ. ಹಾಲಿನ ನೆಲಕ್ಕೆಲ್ಲ ತೇಗದ ಹಲಗೆ ಹಾಸಿದೆ. ನಮ್ಮ ಅಜ್ಜ ಊರು ಬಿಟ್ಟು ಹೊರಟ ಇಂಗ್ಲಿಷ್ ಪ್ಲಾಂಟರ್ ಒಬ್ಬರಿಂದ ಕೊಂಡ ಪಿಯಾನೋ ಹೊರಗೋಡೆಗೆ ತಾಗಿ ನಿಂತಿದೆ. ಮಳೆಗಾಲದಲ್ಲಿ ಆ ಗೋಡೆ ತೇವ ಬರುತ್ತದೆ. ಅದನ್ನು ಸುಮಾರು ಮೂವತ್ತು ಅಡಿ ದೂರದ ಒಳಕೋಣೆಗೆ ಸಾಗಿಸಬೇಕು. ನಡುವೆ ಒಂದು ಹೊಸ್ತಿಲು ದಾಟಬೇಕು. ಪಿಯಾನೋ ನಿಂತ ಜಾಗವೊಂದನ್ನು ಬಿಟ್ಟು ಉಳಿದ ನೆಲಕ್ಕೆ ಹತ್ತು ದಿನಗಳ ಹಿಂದೆ ಹೊಸದಾಗಿ ಪಾಲಿಶ್ ಮಾಡಿಸಿದ್ದೇವೆ. ಕೆಳಗೆ ಗಾಲಿಗಳಿವೆ, ತಳ್ಳಿದರೆ ಸಾಕು ಎಂದು ಕೆಲವರೂ, ಕಬ್ಬಿಣದ ಪೈಪುಗಳ ಮೇಲೆ ಉರುಳಿಸೋಣ ಎಂದು ತೋಟದ ಕೆಲಸಗಾರರೂ ಹೇಳುತ್ತಿದ್ದಾರೆ. ಯಾವುದು ಸರಿ?
(ಓದುಗರೊಬ್ಬರು, ಕೊಡಗು)

ಉತ್ತರ: ಎರಡೂ ಸರಿಯಲ್ಲ. ಪಿಯಾನೋದ ಕೆಳಗಿನ ಗಾಲಿಗಳನ್ನು ನಂಬಿಯೇ ಮರದ ನೆಲವನ್ನು ಹಾಳುಮಾಡಿಕೊಂಡವರು ಬಹಳ ಮಂದಿ, ಅವರಲ್ಲಿ ನಾನೂ ಒಬ್ಬ. ಹಲವು ವರ್ಷಗಳ ಹಿಂದೆ ಶಾಲೆಯೊಂದರ ಸಭಾಂಗಣದಲ್ಲಿ ಮರದ ವೇದಿಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಪಿಯಾನೋ ತಳ್ಳಲು ನಾನೇ ಒಪ್ಪಿಗೆ ಕೊಟ್ಟಿದ್ದೆ. ಹಿಂದಿನ ಒಂದು ಗಾಲಿ ತುಕ್ಕು ಹಿಡಿದು ಸಿಕ್ಕಿಕೊಂಡಿರುವುದನ್ನು ಯಾರೂ ಬಗ್ಗಿ ನೋಡಿರಲಿಲ್ಲ. ಎರಡು ಮಾರು ಉದ್ದಕ್ಕೆ ಉಳಿಯಲ್ಲಿ ಕೆತ್ತಿದಂತಹ ಗೀರು ಬಿದ್ದ ಮೇಲೆಯೇ ಅದು ಗೊತ್ತಾಯಿತು. ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಕೂಡಿಸಿ ಪಾಲಿಶ್ ಮಾಡಿದ್ದೂ ನಾನೇ, ಆದರೆ ಕಿಟಕಿಯ ಬೆಳಕು ಓರೆಯಾಗಿ ಬಿದ್ದಾಗಲೆಲ್ಲ ಆ ಗೆರೆ ಎದ್ದು ಕಾಣುತ್ತಿತ್ತು.

ಪಿಯಾನೋಗೆ ಇಷ್ಟು ಭಾರ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು, ಏಕೆಂದರೆ ಸಾಗಿಸುವ ವಿಧಾನವೆಲ್ಲ ಅದನ್ನೇ ಅವಲಂಬಿಸಿದೆ. 88 ಕೀಗಳಿಗೆ ಇನ್ನೂರಕ್ಕೂ ಹೆಚ್ಚು ಉಕ್ಕಿನ ತಂತಿಗಳಿರುತ್ತವೆ, ಅವೆಲ್ಲವೂ ಸೇರಿ ಎಳೆಯುವ ಬಲ ಸುಮಾರು 18ರಿಂದ 20 ಟನ್ನುಗಳಷ್ಟಾಗುತ್ತದೆ, ಆ ಸೆಳೆತವನ್ನು ತಡೆಯಲು ಒಳಗೆ ಎರಕದ ಕಬ್ಬಿಣದ ದೊಡ್ಡ ಚೌಕಟ್ಟನ್ನು ಕೂರಿಸಿರುತ್ತಾರೆ. ಗೋಡೆಗೆ ಒರಗಿಸಿಡುವ ಪಿಯಾನೋದಲ್ಲಿ ಈ ಚೌಕಟ್ಟು ನಿಂತ ಭಂಗಿಯಲ್ಲಿ, ಹಿಂಭಾಗದಲ್ಲಿರುತ್ತದೆ. ಹೀಗಾಗಿ ಎದುರಿನಿಂದ ನೋಡಿದವರಿಗೆ ಅದು ಗಟ್ಟಿಯಾಗಿ ಕೂತ ಪೆಟ್ಟಿಗೆಯಂತೆ ಕಂಡರೂ ಭಾರವೆಲ್ಲ ಮೇಲಕ್ಕೂ ಹಿಂದಕ್ಕೂ ಸೇರಿಕೊಂಡಿರುತ್ತದೆ. ಮುಂದಿನಿಂದ ಎತ್ತರದಲ್ಲಿ ಕೈಯಿಟ್ಟು ತಳ್ಳಿದಾಗ ಹಿಂದಿನ ಗಾಲಿ ಒಂದು ಸಣ್ಣ ಅಡ್ಡಿಗೆ ತಗುಲಿದರೂ ಸಾಕು, ಇಡೀ ಪಿಯಾನೋ ಹಿಂದಕ್ಕೆ ಮಗುಚುತ್ತದೆ. ಎರಕದ ಕಬ್ಬಿಣ ಬಾಗುವುದಿಲ್ಲ, ಬಿರುಕು ಬಿಡುತ್ತದೆ. ಚೌಕಟ್ಟು ಬಿರುಕು ಬಿಟ್ಟ ಪಿಯಾನೋವನ್ನು ರಿಪೇರಿ ಮಾಡಿಸುವ ಖರ್ಚಿಗೆ ಇನ್ನೊಂದನ್ನೇ ಕೊಳ್ಳಬಹುದು.

ಇನ್ನು ನೆಲದ ಲೆಕ್ಕ. ಇಂದು ಬಹಳ ಮನೆಗಳಲ್ಲಿ ಕಾಣುವ ಯಮಹಾ ಯು1 ಮಾದರಿಯ ತೂಕ ಸುಮಾರು 228 ಕಿಲೋ. ಹಳೆಯ ಕಾಲದ ಎತ್ತರದ ಪಿಯಾನೋಗಳು 300 ಕಿಲೋ ದಾಟುವುದೂ ಉಂಟು. 228 ಕಿಲೋವನ್ನು ನಾಲ್ಕು ಗಾಲಿಗಳಿಗೆ ಸಮನಾಗಿ ಹಂಚಿದರೂ ಒಂದೊಂದರ ಮೇಲೆ 57 ಕಿಲೋ ಬೀಳುತ್ತದೆ, ವಾಸ್ತವದಲ್ಲಿ ಹಿಂದಿನ ಎರಡರ ಪಾಲು ಇದಕ್ಕಿಂತ ಹೆಚ್ಚು. ಕಬ್ಬಿಣದ ಅಥವಾ ಹಿತ್ತಾಳೆಯ ಸಣ್ಣ ಗಾಲಿ ನೆಲಕ್ಕೆ ತಾಗುವ ಜಾಗ ಅರ್ಧ ಚದರ ಸೆಂಟಿಮೀಟರ್ ಎಂದುಕೊಂಡರೆ ಅಲ್ಲಿನ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ 114 ಕಿಲೋ ಆಗುತ್ತದೆ. ಅದೇ ಗಾಲಿಯ ಕೆಳಗೆ 9 ಸೆಂಟಿಮೀಟರ್ ಅಗಲದ ಒಂದು ಬಟ್ಟಲು ಇಟ್ಟರೆ ಒತ್ತಡ ಒಂದು ಕಿಲೋಗಿಂತಲೂ ಕೆಳಗಿಳಿಯುತ್ತದೆ. ನಾನು ಮುಂದೆ ಹೇಳುವುದೆಲ್ಲ ಈ ಭಾರವನ್ನು ಅಗಲಕ್ಕೆ ಹಂಚುವ ಉಪಾಯಗಳೇ.

ನಿಮ್ಮ ನೆಲ ತೇಗದ್ದು ಎಂಬುದರಿಂದ ಇನ್ನೊಂದು ಮಾತು. ತೇಗ ಎಂದರೆ ಎಲ್ಲಕ್ಕಿಂತ ಗಟ್ಟಿ ಮರ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ತೇಗದ ನಿಜವಾದ ಹಿರಿಮೆಯೆಂದರೆ ಅದು ನೀರಿಗೂ ಗೆದ್ದಲಿಗೂ ಸುಲಭವಾಗಿ ಸೋಲುವುದಿಲ್ಲ, ಮಳೆ ಬಿಸಿಲುಗಳಿಗೆ ಹೆಚ್ಚು ಡೊಂಕಾಗುವುದಿಲ್ಲ. ಆದರೆ ಮೇಲ್ಮೈ ತಗ್ಗು ಬೀಳುವ ವಿಷಯದಲ್ಲಿ ಅದು ಅಂಥ ಗಟ್ಟಿಯೇನಲ್ಲ. ಉಕ್ಕಿನ ಗುಂಡೊಂದನ್ನು ಅದರ ಅರ್ಧದಷ್ಟು ಆಳಕ್ಕೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಎಂದು ಅಳೆಯುವ ಯಾಂಕಾ ಪರೀಕ್ಷೆಯಲ್ಲಿ ತೇಗದ ಅಂಕ ಸುಮಾರು 1,070 ಪೌಂಡ್, ಅಮೆರಿಕದ ಕೆಂಪು ಓಕ್ ಮರದ್ದು 1,290, ನಮ್ಮ ಬೀಟೆಯದ್ದು 2,400ಕ್ಕೂ ಮೇಲೆ. ನಿಮ್ಮ ನೆಲ ಬೀಟೆಯದಾಗಿದ್ದರೆ ನಾನು ಇಷ್ಟು ಹೆದರಿಸುತ್ತಿರಲಿಲ್ಲ. ಮರ ತೇವ ಹೀರಿದಾಗ ಇನ್ನಷ್ಟು ಮೆತ್ತಗಾಗುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬೇಡಿ.

ಹತ್ತು ದಿನಗಳ ಹಿಂದಿನ ಪಾಲಿಶ್ ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನಂಥ ಲೇಪ ಬಳಸಿದ್ದರೆ ಸುಮಾರು ಒಂದು ತಿಂಗಳು ಬಿಟ್ಟು ಭಾರದ ವಸ್ತುಗಳನ್ನು ಸಾಗಿಸುವುದು ಕ್ಷೇಮ. ಕಾಫಿ ಕೊಯ್ಲು ಮುಗಿದು ಹವೆ ಒಣಗಿರುವ ಮಾರ್ಚ್ ತಿಂಗಳು ನಿಮಗೆ ಎಲ್ಲ ರೀತಿಯಲ್ಲೂ ಅನುಕೂಲ. ಕೆಲಸಗಾರರಿಗೂ ಆಗ ಸ್ವಲ್ಪ ಬಿಡುವು.

ಪೈಪುಗಳ ಮೇಲೆ ಉರುಳಿಸುವ ಸಲಹೆ ಒರಳುಕಲ್ಲಿಗೆ ಸರಿ. ಕಲ್ಲಿನ ತಳ ಸಮತಟ್ಟಾಗಿರುತ್ತದೆ, ಅದು ಬಿದ್ದರೂ ಒಡೆಯುವುದಿಲ್ಲ. ಪಿಯಾನೋದ ತಳದಲ್ಲಿ ಗಾಲಿಗಳು ಚಾಚಿಕೊಂಡಿರುವುದರಿಂದ ಪೈಪು ಅವಕ್ಕೆ ಅಡ್ಡ ಸಿಕ್ಕಿ ಪಕ್ಕಕ್ಕೆ ಜಾರುತ್ತದೆ, ಜಾರಿದ ಪೈಪಿನ ತುದಿ ಹಲಗೆಯನ್ನು ಕೊರೆಯುತ್ತದೆ. ಹಾರೆಯಂತೂ ಆ ಕೋಣೆಯ ಹತ್ತಿರಕ್ಕೂ ಬರಬಾರದು.

ಮಾಡಬೇಕಾದದ್ದು ಹೀಗೆ. ಎರಡು ದಿನ ಮೊದಲೇ ಟಾರ್ಚ್ ಹಿಡಿದು ಪಿಯಾನೋದ ತಳದ ಹಲಗೆ, ಕಾಲುಗಳು ಮತ್ತು ಹಿಂಬದಿಯ ಕಂಬಗಳನ್ನು ಪರೀಕ್ಷಿಸಿ; ದಶಕಗಳಿಂದ ತೇವದ ಗೋಡೆಯ ಬಳಿ ನಿಂತ ವಸ್ತುವಾದ್ದರಿಂದ ಗೆದ್ದಲು ಹಿಡಿದಿದ್ದರೆ ಎತ್ತಿದ ಕೂಡಲೇ ತಳವೇ ಕಳಚಿ ಬರಬಹುದು. ಭಾರತದಂಥ ದೇಶಗಳಿಗೆಂದು ಅಂಟಿನ ಜೊತೆಗೆ ಹಿತ್ತಾಳೆಯ ಸ್ಕ್ರೂಗಳನ್ನೂ ಹಾಕಿ ಬಿಗಿಮಾಡಿದ ಪಿಯಾನೋಗಳು ಆ ಕಾಲದಲ್ಲಿ ತಯಾರಾಗುತ್ತಿದ್ದವು, ನಿಮ್ಮದೂ ಅಂಥದ್ದಾಗಿದ್ದರೆ ಅದೃಷ್ಟ. ನೆಲದ ಅಡಿಗೆ ಇಳಿಯಲು ದಾರಿ ಇದ್ದರೆ ಹಲಗೆಗಳನ್ನು ಹೊತ್ತ ತೊಲೆಗಳನ್ನೂ ಹಾಗೆಯೇ ನೋಡಿ. ಅನಂತರ ನೆಲವನ್ನು ಮೆತ್ತನೆಯ ಪೊರಕೆಯಿಂದ ಗುಡಿಸಿ, ಒದ್ದೆ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಒಂದು ಮರಳಿನ ಕಣ 200 ಕಿಲೋ ಭಾರದ ಕೆಳಗೆ ಸಿಕ್ಕಿದರೆ ಉಳಿಯ ಕೆಲಸವನ್ನೇ ಮಾಡುತ್ತದೆ.

ದಾರಿಯುದ್ದಕ್ಕೂ ತೆಳುವಾದ ಫೋಮ್ ಹಾಳೆ ಹಾಸಿ, ಅದರ ಮೇಲೆ 12 ಮಿಲಿಮೀಟರ್ ದಪ್ಪದ ಪ್ಲೈವುಡ್ ಜೋಡಿಸಿ. ಎಂಟಕ್ಕೆ ನಾಲ್ಕು ಅಡಿಯ ಮೂರು ಹಾಳೆಗಳಿದ್ದರೆ ಸಾಕು. ದಾಟಿ ಬಂದ ಹಾಳೆಯನ್ನು ಎತ್ತಿ ಮುಂದಕ್ಕೆ ಹಾಕುತ್ತ ಹೋಗಬಹುದು. ಹಾಳೆಗಳ ಸಂದಿನಲ್ಲಿ ಟೇಪ್ ಅಂಟಿಸಿ, ಆದರೆ ಟೇಪನ್ನು ನೆಲಕ್ಕಾಗಲಿ ಪಿಯಾನೋದ ಮೈಗಾಗಲಿ ಅಂಟಿಸಬೇಡಿ. ಕೀಳುವಾಗ ಪಾಲಿಶನ್ನೂ ಸೇರಿಸಿಯೇ ಕೀಳುತ್ತದೆ. ಕೀಗಳ ಮುಚ್ಚಳಕ್ಕೆ ಬೀಗ ಹಾಕಿ, ಬೀಗವಿಲ್ಲದಿದ್ದರೆ ಬಟ್ಟೆಯ ಪಟ್ಟಿಯಿಂದ ಕಟ್ಟಿ, ಇಡೀ ಮೈಗೆ ಕಂಬಳಿ ಹೊದಿಸಿ ಬಿಗಿಯಿರಿ.

ಪಿಯಾನೋ ತನ್ನ ಗಾಲಿಗಳ ಮೇಲೆ ಹೋಗಬಾರದು, ಬೇರೆ ಗಾಲಿಗಳ ಮೇಲೆ ಹೋಗಬೇಕು. ಸಾಮಾನು ಸಾಗಿಸುವವರಲ್ಲಿ ಡಾಲಿ ಎಂಬ ತಗ್ಗಾದ ಟ್ರಾಲಿ ಇರುತ್ತದೆ: ಗಟ್ಟಿ ಮರದ ಚೌಕಟ್ಟು, ಅಗಲವಾದ ನಾಲ್ಕು ರಬ್ಬರ್ ಗಾಲಿಗಳು, 400 ಕಿಲೋ ಹೊರುವ ಶಕ್ತಿ. ನಾಲ್ಕು ಮಂದಿ ಸಾಕು, ಇಬ್ಬಿಬ್ಬರು ಒಂದೊಂದು ತುದಿಗೆ. ಐದನೆಯವರು ಕೈ ಹಚ್ಚದೆ ದಾರಿ ನೋಡಿಕೊಂಡು ಹೇಳುವವರಾಗಿರಲಿ. ಒಬ್ಬರ ಮಾತಿಗೆ ಮಾತ್ರ ಎಲ್ಲರೂ ಎತ್ತಬೇಕು, ಇಳಿಸಬೇಕು. ಮೊದಲು ಪಿಯಾನೋವನ್ನು ಗೋಡೆಯಿಂದ ಬಿಡಿಸಬೇಕಲ್ಲ, ಅದಕ್ಕೆ ಒಂದೊಂದೇ ತುದಿಯನ್ನು ಅರ್ಧ ಅಂಗುಲ ಎತ್ತಿ ಗಾಲಿಗಳ ಕೆಳಗೆ ದಪ್ಪ ಜಮಖಾನದ ತುಂಡುಗಳನ್ನು, ನಯವಾದ ಮುಖ ನೆಲಕ್ಕೆ ಬರುವಂತೆ ಸೇರಿಸಿ, ಒಂದಡಿಯಷ್ಟು ಮಾತ್ರ ಮೆಲ್ಲಗೆ ಮುಂದಕ್ಕೆ ಸರಿಸಿಕೊಳ್ಳಿ. ಆಮೇಲೆ ಒಂದು ತುದಿಯನ್ನು ಕೀಗಳ ಕೆಳಗಿನ ದಪ್ಪ ಹಲಗೆ ಮತ್ತು ಹಿಂಬದಿಯ ಹಿಡಿಗಳಲ್ಲಿ ಹಿಡಿದು ಎತ್ತಿ, ಡಾಲಿಯನ್ನು ನಡುಭಾಗಕ್ಕೆ ತೂರಿಸಿ, ಇಳಿಸಿ. ಡಾಲಿ ಸ್ವಲ್ಪ ಹಿಂದಕ್ಕೇ ಇರಲಿ, ಭಾರ ಇರುವುದು ಅಲ್ಲಿ. ಮುಂದಿನ ಎರಡು ಸಣ್ಣ ಕಾಲುಗಳನ್ನು ಹಿಡಿದು ಯಾರೂ ಎತ್ತಕೂಡದು. ಬಹಳಷ್ಟು ಹಳೆಯ ಪಿಯಾನೋಗಳಲ್ಲಿ ಅವು ಹೆಚ್ಚಾಗಿ ಚೆಂದಕ್ಕೆ ಇಟ್ಟವು.

ನಡೆಸುವಾಗ ಎರಡು ತುದಿಗಳಿಂದ, ನಡುಮಟ್ಟಕ್ಕಿಂತ ಕೆಳಗೆ ಕೈಯಿಟ್ಟು, ಅಡಿಯ ಮೇಲೆ ಅಡಿ ಇಡುವಷ್ಟು ನಿಧಾನವಾಗಿ ಸಾಗಿ. ಪಿಯಾನೋದ ಬೆನ್ನ ಹಿಂದೆ ಯಾರೂ ನಿಲ್ಲಬಾರದು, ಮಕ್ಕಳು ಕೋಣೆಯಲ್ಲೇ ಇರಬಾರದು. ಅದು ವಾಲಿಯೇಬಿಟ್ಟರೆ ಹಿಡಿಯಲು ಹೋಗದೆ ಪಕ್ಕಕ್ಕೆ ಸರಿದುಬಿಡಿ ಎಂದು ಕೆಲಸಗಾರರಿಗೆ ಮೊದಲೇ ಸ್ಪಷ್ಟವಾಗಿ ಹೇಳಿರಿ. ಯಜಮಾನರ ವಸ್ತು ಎಂಬ ಕಾಳಜಿಯಿಂದ ಬೆನ್ನು ಕೊಡುವವರು ಇರುತ್ತಾರೆ, ಅಂಥವರಿಗೇ ಪೆಟ್ಟಾಗುವುದು.

ಹೊಸ್ತಿಲಿನ ವಿಷಯ. ಅದರ ಎತ್ತರ ಮೂರು ಅಂಗುಲವಿದ್ದರೆ ಎರಡೂ ಬದಿಗೆ ಕನಿಷ್ಠ ಮೂರಡಿ ಉದ್ದದ ಇಳಿಜಾರು ಹಲಗೆ ಬೇಕು. ಹಲಗೆಯ ಕೆಳಗೆ ಪೊಳ್ಳು ಬಿಡದೆ ಮರದ ಬೆಣೆಗಳನ್ನು ಕೊಟ್ಟು, ಹೊಸ್ತಿಲಿನ ನೆತ್ತಿಗೆ ಮಡಿಸಿದ ಗೋಣಿಚೀಲ ಹಾಸಿ. ಪಿಯಾನೋ ಉದ್ದುದ್ದಕ್ಕೆ ಹೋಗುವುದರಿಂದ ಬಾಗಿಲಿನಲ್ಲಿ ಅದರ ಆಳ, ಅಂದರೆ ಎರಡಡಿ, ಜೊತೆಗೆ ಕಂಬಳಿಯ ದಪ್ಪ ಹಿಡಿಸಿದರೆ ಸಾಕು. ಇಕ್ಕಟ್ಟಾದರೆ ಬಾಗಿಲಿನ ರೆಕ್ಕೆಗಳನ್ನು ಕಳಚಿಡಿ. ಇಳಿಯುವ ಬದಿಯಲ್ಲಿ ಇಬ್ಬರೂ ತಡೆದು ಹಿಡಿಯಬೇಕಾಗುತ್ತದೆ, ಬಲಶಾಲಿಗಳನ್ನು ಅಲ್ಲಿಗೇ ನಿಲ್ಲಿಸಿ. ಅರಿಶಿನ ಕುಂಕುಮ ಹಚ್ಚಿದ ಹೊಸ್ತಿಲಿಗೆ ಪೆಟ್ಟಾದರೆ ಮನೆಯ ಹಿರಿಯರಿಗೆ ಉತ್ತರ ಹೇಳಬೇಕಾದವರು ನೀವು, ನಾನಲ್ಲ.

ಒಳಕೋಣೆಯಲ್ಲಿ ನೆಲದಡಿಯ ತೊಲೆಗಳಿಗೆ ಅಡ್ಡಲಾಗಿ ಪಿಯಾನೋ ನಿಲ್ಲುವಂತೆ ಜಾಗ ಆರಿಸಿದರೆ ಭಾರ ಎರಡು ಮೂರು ತೊಲೆಗಳಿಗೆ ಹಂಚಿಹೋಗುತ್ತದೆ. ಇಳಿಸುವ ಮೊದಲೇ ನಾಲ್ಕೂ ಗಾಲಿಗಳ ಕೆಳಗೆ, ತಳಕ್ಕೆ ಫೆಲ್ಟ್ ಅಂಟಿಸಿದ ಮರದ ಬಟ್ಟಲುಗಳನ್ನು ಇಟ್ಟಿರಿ. ಅಂಗಡಿಯಲ್ಲಿ ಸಿಗದಿದ್ದರೆ ನಿಮ್ಮೂರಿನ ಬಡಗಿ ಒಂದು ಮಧ್ಯಾಹ್ನದಲ್ಲಿ ಮಾಡಿಕೊಡಬಲ್ಲರು.

ಪ್ರಶ್ನೆ: ನಾವು ಕೊಂಡ ಮನೆಯ ನೆಲ ಕೆಂಪು ಓಕ್ ಹಲಗೆಯದು. ಐದಡಿ ಚಿಲ್ಲರೆ ಉದ್ದದ ಸಣ್ಣ ಗ್ರ್ಯಾಂಡ್ ಪಿಯಾನೋವನ್ನು ತಂದಿಟ್ಟವರು ಅದನ್ನು ನೆಲದ ಬಿಸಿಗಾಳಿಯ ಕಿಂಡಿಯ ಪಕ್ಕದಲ್ಲೇ ನಿಲ್ಲಿಸಿ ಹೋಗಿದ್ದಾರೆ. ಆರಡಿ ಸರಿಸಬೇಕಷ್ಟೆ. ನಾನೂ ನನ್ನ ಪತ್ನಿಯೂ ಸೇರಿ ತಳ್ಳಬಹುದೇ?
(ಓದುಗರೊಬ್ಬರು, ಎಡಿಸನ್, ನ್ಯೂಜೆರ್ಸಿ)

ಉತ್ತರ: ಬೇಡ. ಸಣ್ಣ ಗ್ರ್ಯಾಂಡ್ ಎಂದರೂ ಅದರ ತೂಕ 250ರಿಂದ 300 ಕಿಲೋ, ಕಾಲುಗಳೋ ಮೂರೇ. ಒಂದೊಂದು ಕಾಲು ಹೊರುವುದು 80ರಿಂದ 100 ಕಿಲೋ. ಆ ಕಾಲುಗಳನ್ನು ಮೇಲಿನಿಂದ ಬರುವ ಭಾರ ಹೊರಲು ಮಾಡಿದ್ದಾರೆಯೇ ಹೊರತು ಪಕ್ಕದಿಂದ ಬರುವ ತಳ್ಳುವಿಕೆಯನ್ನು ತಡೆಯಲು ಅಲ್ಲ. ಗಾಲಿ ನೀವು ತಳ್ಳುವ ದಿಕ್ಕಿಗೆ ತಿರುಗುವ ಮೊದಲಿನ ಆ ಒಂದು ಕ್ಷಣದಲ್ಲಿ ಬಲವೆಲ್ಲ ಕಾಲಿನ ಮೇಲ್ತುದಿಯ ಕೀಲಿಗೆ ಬೀಳುತ್ತದೆ, ಕೀಲು ಸಡಿಲವಿದ್ದರೆ ಕಾಲು ಮಡಚಿಕೊಳ್ಳುತ್ತದೆ. ಹಲಗೆಗಳ ಸಂದಿಯಲ್ಲಿ ಗಾಲಿ ಸಿಕ್ಕಿಕೊಂಡರೂ ಆಗುವುದು ಇದೇ.

ನಿಮ್ಮಲ್ಲಿ ಪಿಯಾನೋ ಸಾಗಿಸುವುದನ್ನೇ ವೃತ್ತಿಯಾಗಿಸಿಕೊಂಡವರು ಸಿಗುತ್ತಾರೆ, ಅವರನ್ನು ಕರೆಯಿರಿ. ಒಂದೇ ಕೋಣೆಯೊಳಗಿನ ಕೆಲಸವಾದರೆ ಮೂರೂ ಕಾಲುಗಳಿಗೆ ಒಟ್ಟಿಗೆ ಆಸರೆ ಕೊಡುವ ಮೂರು ತೋಳಿನ ಟ್ರಾಲಿ ಅವರ ಬಳಿ ಇರುತ್ತದೆ. ಕಾಲು ಕಳಚುವ ಅಗತ್ಯವೂ ಇಲ್ಲ. ಬೇರೆ ಕೋಣೆಗೆ ಹೋಗುವುದಾದರೆ ಮುಚ್ಚಳವನ್ನೂ ಪೆಡಲುಗಳ ಚೌಕಟ್ಟನ್ನೂ ಬಿಚ್ಚಿ, ದಪ್ಪ ಸ್ವರಗಳ ಬದಿಯ ಮುಂಗಾಲನ್ನು ಮೊದಲು ಕಳಚಿ, ಆ ನೇರ ಅಂಚಿನ ಮೇಲೆಯೇ ಪಿಯಾನೋವನ್ನು ಕಂಬಳಿ ಹಾಸಿದ ಉದ್ದ ಹಲಗೆಗೆ ಮಲಗಿಸಿ ನಿಲ್ಲಿಸಿ, ಉಳಿದೆರಡು ಕಾಲುಗಳನ್ನು ಆಮೇಲೆ ತೆಗೆಯುತ್ತಾರೆ. ನೋಡುವುದಕ್ಕೇ ಎದೆ ಝಲ್ಲೆನ್ನುವ ಈ ಕೆಲಸವನ್ನು ವೀಡಿಯೋ ನೋಡಿ ಕಲಿಯಲು ಹೋಗಬೇಡಿ. ನೆಲಕ್ಕೆ ಪೆಟ್ಟಾದರೆ ಹೊಣೆ ಯಾರದು ಎಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಅವರು ಬರುವವರೆಗೆ ಆ ಕಿಂಡಿಯನ್ನು ಮುಚ್ಚಿಡಿ. ನಿಮ್ಮ ಚಳಿಗಾಲದಲ್ಲಿ ಹೀಟರ್ ಹಾಕಿದ ಮನೆಯ ಗಾಳಿ ತೀರಾ ಒಣಗುತ್ತದೆ. ಓಕ್ ಹಲಗೆಗಳ ನಡುವೆ ಬಿರುಕು ಕಾಣಿಸುವುದೂ ಪಿಯಾನೋದ ಒಳಗಿನ ಸ್ಪ್ರೂಸ್ ಮರದ ನಾದಫಲಕ ಸೀಳುವುದೂ ಒಂದೇ ಕಾರಣಕ್ಕೆ. ಗಾಳಿಯ ತೇವಾಂಶ 40ರಿಂದ 50 ಪ್ರತಿಶತ ಇರುವಂತೆ ನೋಡಿಕೊಂಡರೆ ಎರಡಕ್ಕೂ ಒಳ್ಳೆಯದು. ಗಾಲಿಗಳ ಕೆಳಗೆ ರಬ್ಬರ್ ತಳದ ಬಟ್ಟಲುಗಳನ್ನು ಇಡಬೇಡಿ, ರಬ್ಬರಿನಲ್ಲಿರುವ ರಾಸಾಯನಿಕ ಪಾಲಿಯುರಿಥೇನ್ ಲೇಪಕ್ಕೆ ಇಳಿದು ಎಂದೂ ಹೋಗದ ಕಲೆ ಉಳಿಸುತ್ತದೆ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿದ್ದೇವೆ. ಮಗಳ ಟ್ರಿನಿಟಿ ಪರೀಕ್ಷೆಯ ಅಭ್ಯಾಸಕ್ಕೆಂದು ಪಿಯಾನೋ ಬಾಡಿಗೆಗೆ ತಂದೆವು. ತಳ್ಳಿದಾಗ ವುಡನ್ ಫ್ಲೋರಿಂಗ್ ಮೇಲೆ ತಗ್ಗು ಬಿದ್ದಿದೆ. ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆ ಒತ್ತಿದರೆ ತಗ್ಗು ಏಳುತ್ತದೆಯಂತೆ, ಹೌದೇ? ಇಷ್ಟು ಭಾರವನ್ನು ಮಹಡಿ ತಡೆಯುತ್ತದೆಯೇ?
(ಗೃಹಿಣಿಯೊಬ್ಬರು, ಬೆಂಗಳೂರು)

ಉತ್ತರ: ಇಸ್ತ್ರಿಯ ಉಪಾಯ ನಿಜ, ಆದರೆ ನಿಜವಾದ ಮರಕ್ಕೆ ಮಾತ್ರ. ಭಾರಕ್ಕೆ ಅಮುಕಿದ ಮರದ ನಾರುಗಳು ಬಿಸಿ ಹಬೆ ಹೀರಿ ಉಬ್ಬಿ ಮತ್ತೆ ಮೇಲಕ್ಕೆ ಬರುತ್ತವೆ. ಹರಿದ ನಾರು, ಅಂದರೆ ಗೀರು, ಬರುವುದಿಲ್ಲ. ಮೇಲೆ ಪ್ಲಾಸ್ಟಿಕ್ಕಿನಂಥ ಲೇಪವಿದ್ದರೆ ಹಬೆ ಒಳಗಿಳಿಯದೆ ಬಿಳಿಯ ಮಚ್ಚೆ ಮಾತ್ರ ಉಳಿದೀತು. ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ವುಡನ್ ಫ್ಲೋರಿಂಗ್ ಎಂದು ಕರೆಯುವುದು ಬಹುಪಾಲು ಲ್ಯಾಮಿನೇಟ್, ಅಂದರೆ ಒತ್ತಿ ಮಾಡಿದ ನಾರಿನ ಹಲಗೆಯ ಮೇಲೆ ಮರದ ಚಿತ್ರ ಅಚ್ಚುಹಾಕಿದ ಕಾಗದ. ಅದಕ್ಕೆ ನೀರೂ ಬಿಸಿಯೂ ಸೇರಿದರೆ ತಗ್ಗು ಏಳುವ ಬದಲು ಅಂಚುಗಳು ಊದಿಕೊಳ್ಳುತ್ತವೆ. ಬಣ್ಣದ ಮೇಣದ ಕಡ್ಡಿಯಿಂದ ತಗ್ಗನ್ನು ತುಂಬಿಸಿ, ಇಲ್ಲವೇ ಆ ಒಂದು ಪಟ್ಟಿಯನ್ನು ಬದಲಾಯಿಸಿ. ಈ ನೆಲ ಕೆಳಗಿನ ಕಾಂಕ್ರೀಟಿಗೆ ಅಂಟಿರದೆ ಸುಮ್ಮನೆ ಕೂತಿರುವುದರಿಂದ ಹವೆಗೆ ತಕ್ಕಂತೆ ಹಿಗ್ಗಿ ಕುಗ್ಗಬೇಕು. ಪಿಯಾನೋವನ್ನು ಗೋಡೆಯ ಅಂಚಿಗೆ ನಿಲ್ಲಿಸಿ ಎದುರು ಗೋಡೆಗೆ ಭಾರದ ಬೀರುವನ್ನೂ ನಿಲ್ಲಿಸಿದರೆ ಅದು ಎರಡೂ ಕಡೆ ಸಿಕ್ಕಿಕೊಂಡು ನಡುವೆ ಉಬ್ಬುತ್ತದೆ.

ಮಹಡಿಯ ಬಗ್ಗೆ ಚಿಂತೆ ಬೇಡ. ವಾಸದ ಕೋಣೆಗಳನ್ನು ಪ್ರತಿ ಚದರ ಮೀಟರಿಗೆ ಸುಮಾರು 200 ಕಿಲೋ ಭಾರ ಕೋಣೆಯ ತುಂಬ ಹರಡಿದರೂ ತಡೆಯುವಂತೆ ಕಟ್ಟಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಹನ್ನೆರಡು ಚದರ ಮೀಟರಿನ ಕೋಣೆಗೆ ಅದು 2,400 ಕಿಲೋ ಆಯಿತು. ನಿಮ್ಮ ಪಿಯಾನೋ, ನುಡಿಸುವ ಮಗಳು, ಕೇಳಲು ಬಂದ ನೆಂಟರಿಷ್ಟರು ಎಲ್ಲರೂ ಸೇರಿದರೂ ಅಷ್ಟಾಗುವುದಿಲ್ಲ. ಭಾರವನ್ನು ಕೋಣೆಯ ನಡುವಿಗಿಂತ ಗೋಡೆಯ ಬದಿಗೆ ಇಡುವುದು ಲೇಸು.

ಪ್ರಶ್ನೆ: ಪಿಯಾನೋ ಸಾಗಿಸಿದ ಮರುದಿನವೇ ಶ್ರುತಿ ಮಾಡಿಸಬೇಕೇ?
(ಓದುಗರೊಬ್ಬರು, ಮೈಸೂರು)

ಉತ್ತರ: ಮರುದಿನ ಮಾಡಿಸಿದರೆ ಹಣ ವ್ಯರ್ಥ. ಶ್ರುತಿ ಕೆಡಿಸುವುದು ಹೆಚ್ಚಾಗಿ ಅಲುಗಾಟವಲ್ಲ, ಹವೆಯ ಬದಲಾವಣೆ. ಹೊಸ ಜಾಗದ ತೇವಕ್ಕೆ ನಾದಫಲಕ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಒಂದೇ ಮನೆಯಲ್ಲಿ ಕೋಣೆಯಿಂದ ಕೋಣೆಗೆ ಸಾಗಿಸಿದ್ದರೆ ಮೊದಲು ನುಡಿಸಿ ನೋಡಿ. ಎರಡೂ ಕೋಣೆಗಳ ಹವೆ ಒಂದೇ ಆಗಿದ್ದರೆ ಶ್ರುತಿಗಾರರನ್ನು ಕರೆಸುವ ಅಗತ್ಯ ಬೀಳದೆಯೂ ಇರಬಹುದು.